ಓಡಿ ಬಂದ ಮೇಲೆ ಹಿಮ್ಮಡಿಯ ಅಂಕಿ ಇಳಿದರೆ: ಅಲ್ಟ್ರಾಸೌಂಡ್ ಮೂಳೆ ಅಳತೆಯಲ್ಲಿ ದೋಷ ಪತ್ತೆ ಮಾಡುವ ಬಗೆ

ದೂರದ ಓಟಕ್ಕೆ ತಯಾರಾಗುತ್ತಿದ್ದ ಯುವತಿಯೊಬ್ಬರ ಹಿಮ್ಮಡಿಯನ್ನು ಬೆಳಿಗ್ಗೆ ಅಳೆದಿದ್ದೆ. ಅಭ್ಯಾಸ ಮುಗಿಸಿ ಬೆವರು ಆರುವ ಮೊದಲೇ ಬಂದರು, ಮತ್ತೆ ಅಳೆದೆ. ಅಂಕಿ ಇಳಿದಿತ್ತು. ಪರದೆಯನ್ನು ನನಗಿಂತ ಮೊದಲು ಓದಿದವರು ಅವರೇ. “ಓಡಿದ್ದಕ್ಕೆ ಮೂಳೆ ಸವೆದುಹೋಯ್ತಾ ಮೇಡಂ?” ಎಂದು ಕೇಳಿದರು. “ಸ್ವಲ್ಪ ದಿನ ಓಟ ಕಡಿಮೆ ಮಾಡಿ ನೋಡಿ” ಎಂದುಬಿಟ್ಟೆ. ಆ ಉತ್ತರ ತಪ್ಪು. ಯಾಕೆ ತಪ್ಪು, ಅಂಥ ಹೊತ್ತಿನಲ್ಲಿ ಏನನ್ನು ಯಾವ ಕ್ರಮದಲ್ಲಿ ನೋಡಬೇಕಿತ್ತು ಎಂಬುದನ್ನು ಅಂದಿನಿಂದ ಒಂದೊಂದಾಗಿ ಕಲಿತಿದ್ದೇನೆ. ಓಟಗಾರರನ್ನೋ ವ್ಯಾಯಾಮ ಮಾಡುವ ಹಿರಿಯರನ್ನೋ ಅಳೆಯುವ ಆಪರೇಟರುಗಳು ನನ್ನಂತೆ ಯಾರನ್ನೂ ಹೆದರಿಸಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ಒಂದು ಗಂಟೆಯಲ್ಲಿ ಮೂಳೆ ಸವೆಯುವುದಿಲ್ಲ, ಬೆಳೆಯುವುದೂ ಇಲ್ಲ. ಹಳೆಯ ಮೂಳೆಯನ್ನು ಕರಗಿಸುವ ಕೋಶಗಳಿಗೆ ಒಂದು ಜಾಗದಲ್ಲಿ ಕೆಲಸ ಮುಗಿಸಲು ವಾರಗಳು ಬೇಕು. ಅಲ್ಲಿ ಹೊಸ ಮೂಳೆ ತುಂಬಿ ಗಟ್ಟಿಯಾಗಲು ತಿಂಗಳುಗಳೇ ಬೇಕು. ಆದ್ದರಿಂದ ವ್ಯಾಯಾಮಕ್ಕೆ ಮುಂಚಿನ ಮತ್ತು ನಂತರದ ರೀಡಿಂಗ್ ಬೇರೆಯಾದರೆ, ಬದಲಾದದ್ದು ಮೂಳೆಯ ಸುತ್ತಲಿನ ಹಿಮ್ಮಡಿ, ಇಲ್ಲವೇ ಹಿಮ್ಮಡಿ ಇಟ್ಟ ರೀತಿ, ಇಲ್ಲವೇ ಯಂತ್ರ. ಮೂರರಲ್ಲಿ ಯಾವುದು ಎಂದು ಹುಡುಕುವುದಷ್ಟೇ ನಮ್ಮ ಕೆಲಸ.

ಯಂತ್ರ ಏನನ್ನು ಅಳೆಯುತ್ತದೆ

ಹಿಮ್ಮಡಿಯ ಒಂದು ಪಕ್ಕದಿಂದ ಧ್ವನಿ ಹೊರಟು ಇನ್ನೊಂದು ಪಕ್ಕದಲ್ಲಿ ಹೊರಬರುತ್ತದೆ. ಅದು ಎಷ್ಟು ಬೇಗ ದಾಟಿತು ಎಂಬುದು ಧ್ವನಿವೇಗ, ನಾವು ಎಸ್‌ಒಎಸ್ ಎನ್ನುವುದು. ಅಳತೆ ಸೆಕೆಂಡಿಗೆ ಇಷ್ಟು ಮೀಟರ್ ಎಂದು. ಕಂಪನಾಂಕ ಏರಿದಂತೆ ಧ್ವನಿ ಎಷ್ಟು ಹೆಚ್ಚು ಹೀರಿಹೋಗುತ್ತದೆ ಎಂಬುದು ಬಿಯುಎ. ಸುಮಾರು 0.2ರಿಂದ 0.6 ಮೆಗಾಹರ್ಟ್ಸ್ ನಡುವಿನ ಇಳಿಜಾರನ್ನು ಲೆಕ್ಕ ಹಾಕಿ, ಮೆಗಾಹರ್ಟ್ಸಿಗೆ ಇಷ್ಟು ಡೆಸಿಬೆಲ್ ಎಂದು ಅದನ್ನು ಹೇಳುತ್ತಾರೆ. 1984ರಲ್ಲಿ ಲ್ಯಾಂಗ್ಟನ್, ಪಾಮರ್ ಮತ್ತು ಪೋರ್ಟರ್ ಎಂಬ ಸಂಶೋಧಕರು ಹಿಮ್ಮಡಿಯ ಮೇಲೆ ಈ ಅಳತೆಯನ್ನು ತೋರಿಸಿಕೊಟ್ಟ ಮೇಲೆ ಈ ವಿಧಾನ ಬೆಳೆಯಿತು. ಹಿಮ್ಮಡಿ ಮೂಳೆಯ ಬಹುಭಾಗ ಸ್ಪಂಜಿನಂಥ ಜಾಲರಿ ಮೂಳೆ, ಎರಡು ಪಕ್ಕಗಳೂ ಹೆಚ್ಚುಕಡಿಮೆ ಸಮತಟ್ಟು, ಮೇಲೆ ಮಾಂಸ ಕಡಿಮೆ. ಅದನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದು.

ಆದರೆ ಧ್ವನಿ ಮೂಳೆಯನ್ನಷ್ಟೇ ದಾಟುವುದಿಲ್ಲ. ಚರ್ಮ, ಅದರ ಕೆಳಗಿನ ಕೊಬ್ಬು, ಮೂಳೆಯ ಜಾಲರಿಯೊಳಗೆ ತುಂಬಿರುವ ಹಳದಿ ಮಜ್ಜೆ, ಆಚೆ ಪಕ್ಕದ ಕೊಬ್ಬು ಮತ್ತು ಚರ್ಮ, ಎರಡೂ ಕಡೆ ಜೆಲ್ ಅಥವಾ ನೀರು ಇವೆಲ್ಲವನ್ನೂ ಹಾದು ಬರುತ್ತದೆ. ವ್ಯಾಯಾಮ ಇವುಗಳಲ್ಲಿ ಯಾವುದನ್ನೂ ಇದ್ದ ಹಾಗೆ ಬಿಡುವುದಿಲ್ಲ. ಅಂಕಿಯಲ್ಲಿ ಮಾತ್ರ ಇದಕ್ಕೆಲ್ಲ ಬೇರೆ ಬೇರೆ ಕಾಲಂ ಇಲ್ಲ.

ಮೊದಲು ಅಂಕಿಯನ್ನು ಬಿಡಿಸಿ ನೋಡಿ

ಪರದೆಯ ಮೇಲೆ ದೊಡ್ಡದಾಗಿ ಕಾಣುವುದು ಸಾಮಾನ್ಯವಾಗಿ ಎರಡೂ ಅಳತೆ ಬೆರೆಸಿದ ಒಂದು ಸೂಚ್ಯಂಕ. ಅಕಿಲೀಸ್ ಎಂಬ ಹಿಮ್ಮಡಿ ಅಲ್ಟ್ರಾಸೌಂಡ್ ಯಂತ್ರಗಳಲ್ಲಿ ಇದರ ಹೆಸರು ಸ್ಟಿಫ್‌ನೆಸ್ ಇಂಡೆಕ್ಸ್, ಸೂತ್ರ ಹೀಗಿದೆ: ಬಿಯುಎಯನ್ನು 0.67ರಿಂದ ಗುಣಿಸಿ, ಎಸ್‌ಒಎಸ್ ಅನ್ನು 0.28ರಿಂದ ಗುಣಿಸಿ, ಎರಡನ್ನೂ ಕೂಡಿ, 420 ಕಳೆಯುವುದು. ಹೆಸರಿನಲ್ಲಿ ‘ಸ್ಟಿಫ್‌ನೆಸ್’ ಇದ್ದರೂ ಮೂಳೆಯ ಬಿಗಿತವನ್ನು ಯಾರೂ ನೇರವಾಗಿ ಅಳೆದಿಲ್ಲ.

ಲೆಕ್ಕಕ್ಕಾಗಿ ಒಬ್ಬರ ಬಿಯುಎ 115, ಎಸ್‌ಒಎಸ್ 1560 ಎಂದು ಇಟ್ಟುಕೊಳ್ಳೋಣ. ಸೂಚ್ಯಂಕ ಸುಮಾರು 94. ಓಟದ ನಂತರ ಬಿಯುಎ 114, ಎಸ್‌ಒಎಸ್ 1545 ಬಂತು ಎನ್ನೋಣ. ಸೂಚ್ಯಂಕ 89ಕ್ಕೆ ಇಳಿಯಿತು. ಐದು ಅಂಕ ಎಂದರೆ ಶೇ. 5ಕ್ಕಿಂತ ಹೆಚ್ಚು, ನೋಡಿದವರ ಎದೆ ಧಸಕ್ಕೆನ್ನುತ್ತದೆ. ಬಿಡಿಸಿ ನೋಡಿದರೆ ಆ ಐದರಲ್ಲಿ 4.2 ಬಂದದ್ದು ಧ್ವನಿವೇಗದ ಇಳಿಕೆಯಿಂದ. ಆ ಇಳಿಕೆಯಾದರೂ ಎಷ್ಟು? ಸೆಕೆಂಡಿಗೆ 15 ಮೀಟರ್, ಶೇ. 1ಕ್ಕೂ ಕಡಿಮೆ. ಬಿಯುಎ ಬಹುಮಟ್ಟಿಗೆ ನಿಂತಲ್ಲೇ ನಿಂತಿದೆ.

ಎಸ್‌ಒಎಸ್ ವಿಷಯದಲ್ಲಿ ಶೇಕಡಾವಾರು ಲೆಕ್ಕ ಕಣ್ಣು ಕಟ್ಟುತ್ತದೆ. ಯಂತ್ರದ ಕೈಪಿಡಿಗಳಲ್ಲಿ ಇದರ ದೋಷ ಶೇ. 0.2, 0.3 ಎಂದೆಲ್ಲ ಬರೆದಿರುವುದನ್ನು ಕಂಡು ‘ಎಂಥ ನಿಖರತೆ’ ಅನ್ನಿಸುವುದು ಸಹಜ. ಆದರೆ ಮೂಳೆಯೇ ಇಲ್ಲದೆ ಬರೀ ನೀರನ್ನು ಇಟ್ಟರೂ ಯಂತ್ರ ಸುಮಾರು 1500 ತೋರಿಸುತ್ತದೆ. ಗಟ್ಟಿ ಹಿಮ್ಮಡಿಗೂ ದುರ್ಬಲ ಹಿಮ್ಮಡಿಗೂ ನಡುವಿನ ಇಡೀ ಅಂತರವೇ ನೂರರ ಆಸುಪಾಸಿನ ಮೀಟರುಗಳಲ್ಲಿ ಮುಗಿಯುತ್ತದೆ. ಅಷ್ಟು ಸಣ್ಣ ಅಂಗಳದಲ್ಲಿ 15 ಮೀಟರ್ ಎಂದರೆ ದೊಡ್ಡ ಹೆಜ್ಜೆಯೇ. ಹಾಗಾಗಿ ಎರಡು ಅಳತೆಗಳನ್ನೂ ಬೇರೆ ಬೇರೆ ಬರೆದಿಡಿ. ಸೂಚ್ಯಂಕ ಒಂದನ್ನೇ ಬರೆದಿಟ್ಟರೆ ಮುಂದೆ ದೋಷ ಹುಡುಕುವ ದಾರಿಯನ್ನು ನೀವೇ ಮುಚ್ಚಿದಂತೆ.

ಯಂತ್ರವನ್ನು ಸಂದೇಹದಿಂದ ಹೊರಗಿಡುವುದು

ಇದು ಬೇಗ ಮುಗಿಯುವ ಕೆಲಸ. ರೀಡಿಂಗ್ ಅನುಮಾನ ಹುಟ್ಟಿಸಿದ ಕೂಡಲೇ ಫ್ಯಾಂಟಮ್, ಅಂದರೆ ಅಂಕಿ ಮೊದಲೇ ಗೊತ್ತಿರುವ ಪರೀಕ್ಷಾ ತುಂಡು, ಇಟ್ಟು ಅಳೆಯಿರಿ. ಬೆಳಿಗ್ಗೆ ಬಂದ ಅಂಕಿಯೇ ಈಗಲೂ ಬಂದರೆ ಯಂತ್ರ ಸರಿ ಇದೆ. ಬರದಿದ್ದರೆ ಫ್ಯಾಂಟಮ್ ಎಲ್ಲಿತ್ತು ಎಂದು ಕೇಳಿಕೊಳ್ಳಿ. ಕಿಟಕಿಯ ಬಿಸಿಲಲ್ಲಿ ಇಟ್ಟಿದ್ದರೆ ಅದೂ ಬಿಸಿಯಾಗಿರುತ್ತದೆ, ಅದರ ಧ್ವನಿವೇಗವೂ ಬದಲಾಗಿರುತ್ತದೆ. ಕೋಣೆಯ ಉಷ್ಣತೆಗೆ ಮರಳಿದ ಮೇಲೆ ಇನ್ನೊಮ್ಮೆ ನೋಡಿ.

ನೀರಿನ ತೊಟ್ಟಿ ಇರುವ ಯಂತ್ರವಾದರೆ ತೊಟ್ಟಿಯಲ್ಲಿ ಥರ್ಮಾಮೀಟರ್ ಅದ್ದಿ. ನೀರಿನಲ್ಲಿ ಧ್ವನಿವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 1482 ಮೀಟರ್, 37 ಡಿಗ್ರಿಯಲ್ಲಿ ಸುಮಾರು 1524. ಬರೀ ನೀರಿನಿಂದಲೇ 42 ಮೀಟರ್ ವ್ಯತ್ಯಾಸ! ಓಡಿ ಬಂದ ಹತ್ತು ಜನ ಒಬ್ಬರ ಹಿಂದೊಬ್ಬರು ಬಿಸಿ ಪಾದ ಅದ್ದುತ್ತಾ ಹೋದರೆ ನೀರು ಮೊದಲಿನಂತೆ ಇರುವುದಿಲ್ಲ. ನೊರೆ, ಗುಳ್ಳೆ ಇದ್ದರೆ ಅದನ್ನೂ ತೆಗೆಯಿರಿ.

ಬೆವರು, ಧೂಳು, ಜೆಲ್

ಜೆಲ್ ಹಚ್ಚಿ ಅಳೆಯುವ ಯಂತ್ರಗಳಲ್ಲಿ ನಾನು ಮೊದಲು ಅನುಮಾನ ಪಡುವುದು ಇಲ್ಲೇ. ಓಡಿ ಬಂದ ಪಾದದ ಮೇಲೆ ಬೆವರು, ಕಾಲುಚೀಲದ ನೂಲು, ಧೂಳು ಇರುತ್ತವೆ. ಇವುಗಳ ಮೇಲೇ ಜೆಲ್ ಹಚ್ಚಿದರೆ ಚರ್ಮಕ್ಕೂ ಧ್ವನಿ ಕಳಿಸುವ, ಹಿಡಿಯುವ ಪ್ರೋಬಿಗೂ ನಡುವೆ ತೆಳ್ಳಗೆ ಗಾಳಿ ಉಳಿಯುತ್ತದೆ. ಅಲ್ಟ್ರಾಸೌಂಡಿಗೆ ಗಾಳಿ ಎಂದರೆ ಗೋಡೆ. ಸಿಗ್ನಲ್ ದುರ್ಬಲವಾದರೆ ಅದರ ಆರಂಭದ ಅಂಚನ್ನು ಯಂತ್ರ ತಡವಾಗಿ ಗುರುತಿಸಬಹುದು, ಆಗ ವೇಗ ಕಡಿಮೆ ಎಂದು ಬರುತ್ತದೆ. ಬಿಯುಎಯಂತೂ ಗೊತ್ತುಗುರಿಯಿಲ್ಲದೆ ಹಾರಾಡುತ್ತದೆ. ಹಿಮ್ಮಡಿ ಒಡೆದವರಲ್ಲಿ ಈ ಕಾಟ ಇನ್ನೂ ಹೆಚ್ಚು, ಬಿರುಕುಗಳಲ್ಲಿ ಗಾಳಿ ಕೂತುಬಿಡುತ್ತದೆ.

ಪರೀಕ್ಷೆ ಸುಲಭ. ಎರಡೂ ಪಕ್ಕವನ್ನು ಸ್ಪಿರಿಟ್ಟಿನಿಂದ ಒರೆಸಿ, ಆರಲು ಬಿಟ್ಟು, ಹೊಸದಾಗಿ ಜೆಲ್ ಹಚ್ಚಿ, ಒಂದು ನಿಮಿಷ ಕಾದು ಅಳೆಯಿರಿ. ಅಂಕಿ ಒಮ್ಮೆಲೇ ಹಿಂದಿನ ಮಟ್ಟಕ್ಕೆ ಬಂದರೆ ದೋಷ ಸಿಕ್ಕಿತು, ಮುಂದೆ ಹೋಗಬೇಕಾಗಿಲ್ಲ. ಆ ಒಂದು ನಿಮಿಷವನ್ನು ಉಳಿಸಲು ಹೋಗಬೇಡಿ. ಹಚ್ಚಿದ ಕೂಡಲೇ ತೆಗೆದ ರೀಡಿಂಗಿಗೂ ಜೆಲ್ ಚರ್ಮಕ್ಕೆ ಕೂತ ಮೇಲಿನ ರೀಡಿಂಗಿಗೂ ವ್ಯತ್ಯಾಸ ಬರುತ್ತದೆ. ಬೆಳಿಗ್ಗೆ ಸಾವಕಾಶವಾಗಿ, ಓಟದ ನಂತರ ಅವಸರದಲ್ಲಿ ಅಳೆದರೆ ಆ ಅವಸರದ ಅಂಕಿಯೇ ವ್ಯಾಯಾಮದ ಲೆಕ್ಕಕ್ಕೆ ಸೇರುತ್ತದೆ.

ಬಿಸಿ

ಒರೆಸಿ, ಜೆಲ್ ಬದಲಿಸಿದ ಮೇಲೂ ಧ್ವನಿವೇಗ ಕೆಳಗೇ ಇದೆ, ಬಿಯುಎ ಅಷ್ಟಾಗಿ ಅಲುಗಿಲ್ಲ ಎಂದಾದರೆ ಉಷ್ಣತೆಯ ಕಡೆ ತಿರುಗಿ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ.

ನೀರು ಬಿಸಿಯಾದರೆ ಅದರಲ್ಲಿ ಧ್ವನಿ ವೇಗವಾಗಿ ಹೋಗುತ್ತದೆ. ಕೊಬ್ಬಿನ ಗುಣ ಇದಕ್ಕೆ ತದ್ವಿರುದ್ಧ: ಬಿಸಿಯಾದಷ್ಟೂ ಧ್ವನಿ ನಿಧಾನ. ದೊಡ್ಡವರ ಹಿಮ್ಮಡಿ ಮೂಳೆಯ ಜಾಲರಿಯಲ್ಲಿರುವುದು ಹೆಚ್ಚಾಗಿ ಕೊಬ್ಬಿನ ಮಜ್ಜೆ. ಚರ್ಮದ ಕೆಳಗಿರುವುದೂ ಕೊಬ್ಬೇ. ಪಾದವೋ ದೇಹದಲ್ಲೇ ಬೇಗ ತಣ್ಣಗಾಗುವ, ಬೇಗ ಬಿಸಿಯಾಗುವ ಅಂಗ. ಬರಿಗಾಲಲ್ಲಿ ಕುರ್ಚಿಯ ಮೇಲೆ ಕೂತು ಸರದಿಗಾಗಿ ಕಾದವರ ಹಿಮ್ಮಡಿ ದೇಹದ ಒಳಗಿನ ಉಷ್ಣತೆಗಿಂತ ಎಷ್ಟೋ ಡಿಗ್ರಿ ಕೆಳಗಿರಬಹುದು. ಅದೇ ವ್ಯಕ್ತಿ ಬೂಟು ಹಾಕಿ ಒಂದು ಗಂಟೆ ಓಡಿ ಬಂದರೆ ರಕ್ತದ ಹರಿವು ಹೆಚ್ಚಿ, ತಿಕ್ಕಾಟವೂ ಸೇರಿ, ಹಿಮ್ಮಡಿ ಕಾದಿರುತ್ತದೆ. ಧ್ವನಿವೇಗ ಇಳಿಯುತ್ತದೆ. ಮೂಳೆಗೆ ಏನೂ ಆಗಿಲ್ಲ.

ಇದಕ್ಕೆ ಉಲ್ಟಾ ದೋಷವೂ ಉಂಟು, ಅದು ಇನ್ನೂ ಅಪಾಯಕಾರಿ, ಏಕೆಂದರೆ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ತಣ್ಣನೆಯ ನೀರಿನಲ್ಲಿ ಈಜಿ ಬಂದವರ ಹಿಮ್ಮಡಿ ತಂಪಾಗಿರುತ್ತದೆ, ಧ್ವನಿವೇಗ ಏರುತ್ತದೆ. ‘ಈಜಿನಿಂದ ಮೂಳೆ ಸುಧಾರಿಸಿದೆ’ ಎಂಬ ಸಿಹಿಸುದ್ದಿ ಫೈಲಿಗೆ ಸೇರಿಬಿಡುತ್ತದೆ. ಇಳಿದ ಅಂಕಿಯನ್ನು ನೋಡುವಷ್ಟೇ ಅನುಮಾನದಿಂದ ಏರಿದ ಅಂಕಿಯನ್ನೂ ನೋಡಬೇಕು.

ಖಚಿತ ಮಾಡಿಕೊಳ್ಳಲು ಎರಡು ದಾರಿಗಳಿವೆ. ಮೊದಲನೆಯದು, ಪ್ರತಿ ಅಳತೆಗೂ ಮುಂಚೆ ಹಿಮ್ಮಡಿಯ ಚರ್ಮದ ಉಷ್ಣತೆ ಬರೆದುಕೊಳ್ಳುವುದು. ಚರ್ಮದ ಅಂಕಿ ಒಳಗಿನ ಮಜ್ಜೆಯ ಉಷ್ಣತೆಯನ್ನು ಪೂರ್ತಿ ಹೇಳದಿದ್ದರೂ ದಿಕ್ಕನ್ನಂತೂ ತೋರಿಸುತ್ತದೆ. ಎರಡನೆಯದು ನನಗೆ ಅಚ್ಚುಮೆಚ್ಚಿನ ಪರೀಕ್ಷೆ. ಬೇರೊಂದು ದಿನ ಅದೇ ವ್ಯಕ್ತಿಯನ್ನು ವ್ಯಾಯಾಮವೇ ಇಲ್ಲದೆ ಕೂರಿಸಿ, ಪಾದಕ್ಕೆ ದಪ್ಪ ಕಾಲುಚೀಲ ಹಾಕಿ, ಬಿಸಿನೀರಿನ ಚೀಲವನ್ನು ಹಿತವಾದ ಬಿಸಿಯಲ್ಲಿ ಒತ್ತಾಗಿಟ್ಟು, ಓಟಕ್ಕೆ ಹಿಡಿದಷ್ಟೇ ಹೊತ್ತು ಬಿಡಿ. ಚರ್ಮದ ಉಷ್ಣತೆ ಓಟದ ದಿನದಷ್ಟೇ ಏರಿದ ಮೇಲೆ ಅಳೆಯಿರಿ. ಧ್ವನಿವೇಗ ಅಷ್ಟೇ ಇಳಿದರೆ ಕಾರಣ ಬಿಸಿಯೇ ಹೊರತು ವ್ಯಾಯಾಮವಲ್ಲ. ಅರ್ಧ ಮಾತ್ರ ಇಳಿದರೆ ಉಳಿದರ್ಧಕ್ಕೆ ಬೇರೆ ಕಾರಣ ಹುಡುಕಬೇಕು. ಪಾದಗಳಲ್ಲಿ ಸ್ಪರ್ಶಜ್ಞಾನ ಕಡಿಮೆ ಇರುವವರ ಮೇಲೆ, ಮುಖ್ಯವಾಗಿ ಸಕ್ಕರೆ ಕಾಯಿಲೆ ಇರುವವರ ಮೇಲೆ, ಈ ಪರೀಕ್ಷೆ ಬೇಡ. ಸುಟ್ಟದ್ದೂ ಅವರಿಗೆ ಗೊತ್ತಾಗುವುದಿಲ್ಲ.

ಪಾದ ಇಟ್ಟ ಜಾಗ

ಬಿಯುಎ ಮತ್ತು ಎಸ್‌ಒಎಸ್ ಎರಡೂ ದಿಕ್ಕಿಲ್ಲದೆ ಮೇಲೆ ಕೆಳಗೆ ಆಗುತ್ತಿದ್ದರೆ, ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಬರುತ್ತಿದ್ದರೆ, ಪಾದದ ಸ್ಥಾನ ನೋಡಿ. ಹಿಮ್ಮಡಿ ಮೂಳೆ ಎಲ್ಲ ಕಡೆ ಒಂದೇ ಸಮನಾಗಿಲ್ಲ. ಕೆಲವೇ ಮಿಲಿಮೀಟರ್ ಆಚೀಚೆ ಸರಿದರೆ ಧ್ವನಿ ಬೇರೆಯೇ ಸಾಂದ್ರತೆಯ ಜಾಲರಿಯನ್ನು ದಾಟುತ್ತದೆ. ಚಿತ್ರ ತೋರಿಸಿ ಜಾಗ ಆರಿಸುವ ಯಂತ್ರಗಳಲ್ಲಿ ಈ ತೊಂದರೆ ಕಡಿಮೆ, ಒಂದೇ ಬಿಂದುವನ್ನು ಅಳೆಯುವ ಯಂತ್ರಗಳಲ್ಲಿ ಹೆಚ್ಚು.

ವ್ಯಾಯಾಮ ಇಲ್ಲಿ ಎರಡು ಬಗೆಯಲ್ಲಿ ಕೈಯಾಡಿಸುತ್ತದೆ. ದಣಿದ ಕಾಲು ನೆಟ್ಟಗೆ ನಿಲ್ಲುವುದಿಲ್ಲ. ಮೊಣಕಾಲು ಹೊರಕ್ಕೆ ವಾಲುತ್ತದೆ, ಪಾದ ತಿರುಚಿಕೊಳ್ಳುತ್ತದೆ, ಮೀನಖಂಡ ನಡುಗುತ್ತದೆ. ಇನ್ನೊಂದು ಸೂಕ್ಷ್ಮ ಸಂಗತಿ. ಹಿಮ್ಮಡಿಯ ಅಡಿಯಲ್ಲಿ ಸುಮಾರು 15ರಿಂದ 20 ಮಿಲಿಮೀಟರ್ ದಪ್ಪದ ಕೊಬ್ಬಿನ ಮೆತ್ತೆ ಇದೆ. ಸಾವಿರಾರು ಹೆಜ್ಜೆಗಳ ಒತ್ತಡಕ್ಕೆ ಸಿಕ್ಕ ಮೆತ್ತೆ ಕೂಡಲೇ ಮೊದಲಿನ ಆಕಾರಕ್ಕೆ ಮರಳಬೇಕೆಂದಿಲ್ಲ. ಮೆತ್ತೆ ತೆಳುವಾದರೆ ಕಾಲುಪೀಠದ ಮೇಲೆ ಇಟ್ಟ ಪಾದದಲ್ಲಿ ಮೂಳೆ ಅಷ್ಟು ಕೆಳಗೆ ಕೂರುತ್ತದೆ. ಪ್ರೋಬ್ ಮಾತ್ರ ಬೆಳಿಗ್ಗೆ ಇದ್ದ ಎತ್ತರದಲ್ಲೇ ಇರುತ್ತದೆ. ಆಗ ಅಳೆದದ್ದು ಅದೇ ಮೂಳೆಯ ಬೇರೆ ಜಾಗವನ್ನು.

ಪಾದವನ್ನು ಪೂರ್ತಿ ಹೊರತೆಗೆದು, ಜೆಲ್ ಒರೆಸಿ, ಮತ್ತೆ ಇಟ್ಟು ಅಳೆಯಿರಿ. ಮೂರು ಸಲ ಹೀಗೆ ಮಾಡಿ. ಪಾದ ಅಲುಗಿಸದೆ ಮೂರು ಸಲ ಬಟನ್ ಒತ್ತಿದರೆ ಅದು ಯಂತ್ರದ ಪರೀಕ್ಷೆಯಾಗುತ್ತದೆಯೇ ಹೊರತು ನಿಮ್ಮ ಕೈಯ ಪರೀಕ್ಷೆಯಲ್ಲ.

ಬಾವು

ದೀರ್ಘ ಓಟ, ದೀರ್ಘ ನಡಿಗೆಯ ನಂತರ ಪಾದ ಉಬ್ಬುತ್ತದೆ. ಬೂಟು ಬಿಗಿಯಾಗುವುದು ಎಲ್ಲ ಓಟಗಾರರಿಗೂ ಗೊತ್ತು. ಚರ್ಮದ ಕೆಳಗೆ ನೀರು ಸೇರಿದರೆ ಧ್ವನಿ ದಾಟಬೇಕಾದ ಮೃದು ಅಂಗಾಂಶ ದಪ್ಪವಾಗುತ್ತದೆ, ಮೂಳೆಯ ಪಾಲು ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ. ಟೇಪನ್ನು 8ರ ಆಕಾರದಲ್ಲಿ ಪಾದ ಮತ್ತು ಕಣಕಾಲಿನ ಸುತ್ತ ಸುತ್ತಿ ಮುಂಚೆಯೂ ನಂತರವೂ ಅಳೆದರೆ ಬಾವು ತಿಳಿಯುತ್ತದೆ. ಬೆರಳಿನಿಂದ ಒತ್ತಿದ ಗುಳಿ ಉಳಿದರಂತೂ ಅಂದಿನ ರೀಡಿಂಗನ್ನೇ ಕೈಬಿಡಿ. ಕಾಲು ಎತ್ತರಿಸಿ ಮಲಗಿದರೂ ಬಾವು ಗಂಟೆಗಟ್ಟಲೆ ಉಳಿಯಬಹುದು. ಮರುದಿನ ಬೆಳಿಗ್ಗೆ ಕರೆಯುವುದೇ ಮೇಲು.

ಮರಳುವ ವೇಳೆಯೇ ಸುಳಿವು

ಮೇಲಿನದನ್ನೆಲ್ಲ ಮಾಡಿಯೂ ಗೊಂದಲ ಉಳಿದರೆ ಕಾಲವನ್ನು ಬಳಸಿಕೊಳ್ಳಿ. ವ್ಯಾಯಾಮಕ್ಕೆ ಮುಂಚೆ ಎರಡು ಸಲ, ಮುಗಿದ ಕೂಡಲೇ, ಅರ್ಧ ಗಂಟೆಗೆ, ಒಂದು ಗಂಟೆಗೆ, ಮರುದಿನ ಬೆಳಿಗ್ಗೆ ಅಳೆಯಿರಿ. ಜೆಲ್ಲಿನ ದೋಷ ಒರೆಸಿದ ಕ್ಷಣ ಹೋಗುತ್ತದೆ. ಬಿಸಿಯ ದೋಷ ಪಾದ ತಣಿದಂತೆ ನಿಧಾನವಾಗಿ, ಒಂದೇ ದಿಕ್ಕಿನಲ್ಲಿ ಕರಗುತ್ತದೆ. ಬಾವಿನದು ರಾತ್ರಿ ಕಳೆಯುವವರೆಗೂ ನಿಲ್ಲಬಹುದು. ಸ್ಥಾನದ ದೋಷಕ್ಕೆ ಕಾಲದ ಹಂಗೇ ಇಲ್ಲ, ಯಾವ ಹೊತ್ತಿನಲ್ಲೂ ಹೇಗೆ ಬೇಕಾದರೂ ಬರುತ್ತದೆ. ಐದಾರು ಬಿಂದುಗಳನ್ನು ಕಾಗದದ ಮೇಲೆ ಗುರುತಿಸಿ ಗೆರೆ ಎಳೆದರೆ ಅದರ ಆಕಾರವೇ ಅರ್ಧ ಉತ್ತರ ಹೇಳುತ್ತದೆ.

ಸರಿಯಿತೋ, ಚದುರಿತೋ

ಒಬ್ಬರನ್ನಲ್ಲ, ಒಂದು ತಂಡವನ್ನೇ ಅಳೆಯುತ್ತಿದ್ದರೆ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಡಿ. ವ್ಯಾಯಾಮದ ನಂತರ ಎಲ್ಲರ ಅಂಕಿಯೂ ಒಂದೇ ಕಡೆಗೆ ಸರಿಯಿತೇ? ಅಥವಾ ಸರಾಸರಿ ಅಲ್ಲೇ ಇದ್ದು, ಒಬ್ಬೊಬ್ಬರ ಮರು-ಅಳತೆಗಳ ನಡುವಿನ ಚದುರುವಿಕೆ ಹೆಚ್ಚಾಯಿತೇ? ಮೊದಲನೆಯದಾದರೆ ಬಿಸಿ ಅಥವಾ ಬಾವಿನಂಥ ಒಂದು ಸಮಾನ ಕಾರಣ ಇದೆ, ವಿಶ್ರಾಂತಿ ಕೊಟ್ಟು ಅಳೆದರೆ ಹೋಗುತ್ತದೆ. ಎರಡನೆಯದಾದರೆ ಜೆಲ್ ಮತ್ತು ಸ್ಥಾನ ನೋಡಬೇಕು. ‘ಸರಾಸರಿ ಬದಲಾಗಿಲ್ಲ, ಆದ್ದರಿಂದ ವ್ಯಾಯಾಮದಿಂದ ತೊಂದರೆ ಇಲ್ಲ’ ಎಂಬ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ಅರ್ಧ ಜನ ಮೇಲೆ, ಅರ್ಧ ಜನ ಕೆಳಗೆ ಹೋದರೂ ಸರಾಸರಿ ನಿಂತಲ್ಲೇ ನಿಲ್ಲುತ್ತದೆ. ಕೋಣೆಯಲ್ಲಿ ಕೂತಿರುವ ಒಬ್ಬ ವ್ಯಕ್ತಿಗೆ ಅದರಿಂದ ಏನು ಸಮಾಧಾನ?

ಚದುರುವಿಕೆ ಲೆಕ್ಕ ಹಾಕುವ ರೀತಿ: 30 ಜನರನ್ನು ಎರಡೆರಡು ಸಲ, ಅಥವಾ 15 ಜನರನ್ನು ಮೂರು ಮೂರು ಸಲ, ಪ್ರತಿ ಬಾರಿ ಪಾದ ತೆಗೆದಿಟ್ಟು ಅಳೆಯಿರಿ. ಎರಡೆರಡು ಸಲ ಅಳೆದಿದ್ದರೆ ಪ್ರತಿಯೊಬ್ಬರ ವ್ಯತ್ಯಾಸದ ವರ್ಗಗಳನ್ನು ಕೂಡಿ, ಜನರ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಅದು ನಿಮ್ಮ ಅಳತೆಯ ದೋಷ. ಅದನ್ನು 2.77ರಿಂದ ಗುಣಿಸಿದರೆ ಶೇ. 95 ಭರವಸೆಯಲ್ಲಿ ‘ನಿಜವಾದ ಬದಲಾವಣೆ’ ಎನ್ನಲು ಬೇಕಾದ ಕನಿಷ್ಠ ಅಂತರ ಸಿಗುತ್ತದೆ.

ಇಲ್ಲೊಂದು ಹಳ್ಳವಿದೆ, ನಾನು ಬಿದ್ದದ್ದು ಅದರಲ್ಲೇ. ಈ ಲೆಕ್ಕವನ್ನು ಎಲ್ಲರೂ ವಿಶ್ರಾಂತಿಯಲ್ಲಿರುವ ಪಾದಗಳ ಮೇಲೆ ಮಾಡುತ್ತಾರೆ. ವಿಶ್ರಾಂತಿಯ ದೋಷ 1.5 ಅಂಕ ಎಂದಿಟ್ಟುಕೊಂಡರೆ ಕನಿಷ್ಠ ಅಂತರ 4.2. ಮೇಲಿನ ಉದಾಹರಣೆಯ ಐದು ಅಂಕದ ಇಳಿಕೆ ಇದನ್ನು ಮೀರುತ್ತದೆ, ‘ನಿಜ’ ಎನ್ನಿಸಿಕೊಳ್ಳುತ್ತದೆ. ಆದರೆ ಓಡಿ ಬಂದ ಪಾದಗಳ ಮೇಲೇ ಲೆಕ್ಕ ಮಾಡಿ ದೋಷ 2.2 ಎಂದು ಸಿಕ್ಕಿದ್ದರೆ ಕನಿಷ್ಠ ಅಂತರ 6.1, ಅದೇ ಐದು ಅಂಕಕ್ಕೆ ಈಗ ಅರ್ಥವೇ ಇಲ್ಲ. ವಿಶ್ರಾಂತಿಯ ಪಾದದ ಅಳತೆಗೋಲನ್ನು ದಣಿದ ಪಾದಕ್ಕೆ ಹಿಡಿಯಬಾರದು. ದಣಿದ ಪಾದವನ್ನು ಅಳೆಯಲೇಬೇಕಿದ್ದರೆ ಅದರ ದೋಷವನ್ನೂ ದಣಿದ ಪಾದದಲ್ಲೇ ಕಂಡುಕೊಳ್ಳಿ.

ಬೆನ್ನಿಗೇ ಇನ್ನೊಂದು ಎಚ್ಚರ. ಒಂದೇ ಕ್ರೀಡೆಯ, ಒಂದೇ ವಯಸ್ಸಿನ ಆಟಗಾರರ ಮೂಳೆಗಳು ಒಂದಕ್ಕೊಂದು ಹತ್ತಿರವೇ ಇರುತ್ತವೆ. ಅಂಥ ತಂಡದಲ್ಲಿ ಎರಡು ಸಲದ ಅಳತೆಗಳು ಎಷ್ಟು ಹೊಂದುತ್ತವೆ ಎಂದು ಹೇಳುವ ಸಹಸಂಬಂಧದ ಗುಣಾಂಕ ಕಡಿಮೆ ಬಂದರೆ ಯಂತ್ರ ಕೆಟ್ಟಿದೆ ಎಂದಲ್ಲ. ಜನರ ನಡುವೆ ವ್ಯತ್ಯಾಸವೇ ಕಡಿಮೆ ಎಂದೂ ಇರಬಹುದು. ಗುಣಾಂಕದ ಜೊತೆಗೆ ಅಂಕಗಳಲ್ಲಿ ದೋಷವನ್ನೂ ಹೇಳಿ.

ಮುಂಗೈ, ಮೊಣಕಾಲ ಕೆಳಗಿನ ಮೂಳೆ ಅಳೆಯುವವರಿಗೆ

ಉದ್ದ ಮೂಳೆಯ ಮೇಲ್ಮೈಗುಂಟ ಧ್ವನಿ ಹಾಯಿಸುವ ಯಂತ್ರಗಳಲ್ಲಿ ವೇಗ ಸೆಕೆಂಡಿಗೆ 4000 ಮೀಟರ್ ಆಸುಪಾಸಿನಲ್ಲಿ ಬರುತ್ತದೆ, ಏಕೆಂದರೆ ಅಲ್ಲಿ ಧ್ವನಿ ಓಡುವುದು ಗಟ್ಟಿ ಹೊರಪದರದಲ್ಲಿ. ಮಜ್ಜೆಯ ಕಾಟ ಇಲ್ಲಿ ಅಷ್ಟಿಲ್ಲ. ಚರ್ಮ ಮತ್ತು ಮಾಂಸದ ದಪ್ಪ ಬದಲಾಗುವುದು, ಬೆವರಿಗೆ ಪ್ರೋಬ್ ಜಾರುವುದು, ಬಿಗಿದ ಸ್ನಾಯುವಿನ ಮೇಲೆ ಪ್ರೋಬ್ ವಾಲುವುದು ಇಲ್ಲಿನ ಮುಖ್ಯ ದೋಷಗಳು. ಚರ್ಮದ ಮೇಲೆ ಪೆನ್ನಿನಿಂದ ಗುರುತು ಹಾಕಿ, ಬೆವರಿಗೆ ಅಳಿಸದ ಪೆನ್ನನ್ನೇ ಆರಿಸಿ.

ನಾನೀಗ ಪಾಲಿಸುವ ಕ್ರಮ

ಅಳೆಯುವ ದಿನ ಅಳತೆಗೆ ಮುಂಚೆ ವ್ಯಾಯಾಮ ಬೇಡ ಎಂದು ಹಿಂದಿನ ದಿನವೇ ತಿಳಿಸುತ್ತೇನೆ. ಮಾಡಿ ಬಂದಿದ್ದರೆ ಬೂಟು ಬಿಚ್ಚಿಸಿ ಒಂದು ಗಂಟೆ ಕೂರಿಸುತ್ತೇನೆ, ದೂರದ ಓಟವಾಗಿದ್ದರೆ ಮರುದಿನ ಕರೆಯುತ್ತೇನೆ. ಪ್ರತಿ ಬಾರಿಯೂ ಹಿಂದೆ ಅಳೆದ ಕಾಲನ್ನೇ, ಸಾಧ್ಯವಾದಷ್ಟು ಅದೇ ಹೊತ್ತಿನಲ್ಲಿ ಅಳೆಯುತ್ತೇನೆ. ಫೈಲಿನಲ್ಲಿ ಬಿಯುಎ, ಎಸ್‌ಒಎಸ್, ಚರ್ಮದ ಉಷ್ಣತೆ, ಕೊನೆಯ ವ್ಯಾಯಾಮ ಯಾವಾಗ, ಯಾವ ಕಾಲು, ಅಳೆದವರು ಯಾರು, ಎಲ್ಲವೂ ಇರುತ್ತವೆ. ಪರದೆಯನ್ನು ನನ್ನ ಕಡೆಗೆ ತಿರುಗಿಸಿಕೊಂಡೇ ಅಳೆಯುತ್ತೇನೆ. ಪರಿಶೀಲಿಸದ ಅಂಕಿಯನ್ನು ಯಾರೂ ಓದಿ ಹೆದರಬಾರದು.

ಮೂಳೆ ಸವೆತವನ್ನು ತೀರ್ಮಾನಿಸುವ ಮೈನಸ್ 2.5ರ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಸರಾಸರಿಗೆ ಹೋಲಿಸಿದ ಅಂಕ) ಗಡಿ ಡೆಕ್ಸಾ ಎಂಬ ಎಕ್ಸ್‌ರೇ ಯಂತ್ರಕ್ಕಾಗಿ ನಿಗದಿಯಾದದ್ದು. ಹಿಮ್ಮಡಿ ಅಲ್ಟ್ರಾಸೌಂಡಿನ ಟಿ-ಸ್ಕೋರಿಗೆ ಅದನ್ನು ಅಂಟಿಸಿ ರೋಗ ಹೇಳುವಂತಿಲ್ಲ. ವಿಶ್ರಾಂತಿಯಲ್ಲಿ, ಎಲ್ಲ ಎಚ್ಚರದಿಂದ ಅಳೆದರೂ ಅಂಕಿ ಕಡಿಮೆಯೇ ಬಂದರೆ ವೈದ್ಯರ ಬಳಿಗೆ ಕಳಿಸಬೇಕು, ಡೆಕ್ಸಾ ಬೇಕೇ ಎಂದು ಅವರು ನೋಡುತ್ತಾರೆ.

ಒಂದು ಸಂದರ್ಭದಲ್ಲಿ ಮಾತ್ರ ಈ ಹುಡುಕಾಟವನ್ನೆಲ್ಲ ಅಲ್ಲಿಗೇ ನಿಲ್ಲಿಸಬೇಕು. ಒಂದೇ ಹಿಮ್ಮಡಿಯ ಅಂಕಿ ಬದಲಾಗಿದೆ, ಎರಡು ಮೂರು ದಿನ ಕಳೆದರೂ ಮರಳಿಲ್ಲ, ಓಡುವಾಗ ಅಲ್ಲೇ ನೋವು ಎನ್ನುತ್ತಾರೆ, ಹಿಮ್ಮಡಿಯ ಎರಡೂ ಪಕ್ಕವನ್ನು ಅಂಗೈಗಳಿಂದ ಮೆಲ್ಲಗೆ ಅದುಮಿದರೆ ಚುಚ್ಚಿದಂತೆ ನೋಯುತ್ತದೆ ಎಂದಾದರೆ ಅದು ಪದೇ ಪದೇ ಬಿದ್ದ ಒತ್ತಡದಿಂದಾದ ಬಿರುಕಿನ ಲಕ್ಷಣ ಇರಬಹುದು. ಆ ಬಿರುಕನ್ನು ಕಾಣುವ ಶಕ್ತಿ ನಮ್ಮ ಯಂತ್ರಕ್ಕಿಲ್ಲ, ಅದಕ್ಕೆ ಎಂಆರ್‌ಐ ಬೇಕು. ಅಂಥವರ ಪಾದವನ್ನು ಮತ್ತೆ ಮತ್ತೆ ಪ್ರೋಬುಗಳ ನಡುವೆ ಒತ್ತಬೇಡಿ. ಓಟ ನಿಲ್ಲಿಸಲು ಹೇಳಿ, ಅಂದೇ ವೈದ್ಯರ ಬಳಿಗೆ ಕಳಿಸಿ.